ಮೊಹರು ಮಾಡಿದ ಪಟ್ಟಿ

ಹೊಳೆಗೆ ನೀರು ಬಿಡುವ ಸುದ್ದಿಯನ್ನು ದಂಡೆಯ ಹದಿನಾಲ್ಕು ಊರುಗಳಿಗೆ ಮುಟ್ಟಿಸುವುದು ಒಂಬತ್ತು ವರ್ಷ ನನ್ನ ಕೆಲಸವಾಗಿತ್ತು. ಕಚೇರಿ ರಾಯಚೂರಿನಲ್ಲಿತ್ತು. ಯಾವ ಇಲಾಖೆ ಎಂದು ಬರೆಯುವುದಿಲ್ಲ. ಅಲ್ಲಿ ಇನ್ನೂ ಕೆಲಸ ಮಾಡುವವರಿದ್ದಾರೆ. ನನ್ನ ಮೇಜಿನ ಮೇಲೆ ಒಂದು ಫೋನು ಮತ್ತು ಉದ್ದನೆಯ ಒಂದು ನೋಟ್‌ಬುಕ್ಕು ಇರುತ್ತಿದ್ದವು. ಮೇಲಿನ ಅಣೆಕಟ್ಟಿನಿಂದ ಸುದ್ದಿ ಬಂದ ಕೂಡಲೇ, ಎಷ್ಟು ಗೇಟು ಎತ್ತುತ್ತಾರೆ, ನೀರು ಎಷ್ಟು ಹೊತ್ತಿಗೆ ಯಾವ ಊರಿಗೆ ಬರುತ್ತದೆ ಎಂಬುದನ್ನು ಬರೆದುಕೊಂಡು ಊರಿಗೊಬ್ಬರಂತೆ ಹದಿನಾಲ್ಕು ಜನರಿಗೆ ಫೋನು ಹಚ್ಚುತ್ತಿದ್ದೆ.

ಹೇಳಿ ಇಟ್ಟುಬಿಡುವ ಪದ್ಧತಿ ಇರಲಿಲ್ಲ. ನನಗೆ ಈ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಮೊದಲ ದಿನವೇ ಹೇಳಿದ್ದರು: "ನೀವು ಹೇಳಿದ ಮ್ಯಾಲ ಫೋನ್ ಇಡಬ್ಯಾಡ್ರಿ. ಅವರು ತಿರುಗಿ ಹೇಳಿದ ಮ್ಯಾಲ ಇಡ್ರಿ." ಹಾಗೆಯೇ ಮಾಡುತ್ತಿದ್ದೆ. ಆ ಕಡೆಯವರು ಗೇಟು ಎಷ್ಟು, ಹೊತ್ತು ಎಷ್ಟು ಎಂಬುದನ್ನು ನನಗೇ ತಿರುಗಿ ಹೇಳಬೇಕು. ತಪ್ಪಿದರೆ ಮತ್ತೆ ಹೇಳಿಸುತ್ತಿದ್ದೆ. ಸರಿಯಿದ್ದರೆ "ಸರಿ" ಎಂದು ಹೇಳಿ ನೋಟ್‌ಬುಕ್ಕಿನಲ್ಲಿ ಆ ಊರಿನ ಮುಂದೆ ಗೀಟು ಎಳೆಯುತ್ತಿದ್ದೆ. ನಾನು "ಸರಿ" ಎನ್ನುವ ತನಕ ಅವರೂ ಫೋನು ಇಡುತ್ತಿರಲಿಲ್ಲ.

ಹದಿನಾಲ್ಕರಲ್ಲಿ ಒಂದು ಊರು ದೇವದುರ್ಗ ತಾಲ್ಲೂಕಿನದು. ಜಾಲಹಳ್ಳಿಯ ಬಸ್ಸು ಇಳಿದು ಕೃಷ್ಣೆಯ ಕಡೆಗೆ ಒಂದು ತಾಸು ನಡೆಯಬೇಕು. ಅಲ್ಲಿ ಸರ್ಕಾರದ ಮಾತನ್ನು ಊರಿಗೆ ಸಾರುವ ವಾಲೀಕಾರನ ಕೆಲಸ ಮಾವನ ನಂತರ ಸೊಸೆಯ ಪಾಲಿಗೆ ಬಂದಿತ್ತು. ನನ್ನ ಫೋನು ಬಂದ ಮೇಲೆ ಅವಳು ಖಾಲಿ ಎಣ್ಣೆ ಡಬ್ಬಿಯೊಂದನ್ನು ಕೋಲಿನಿಂದ ಬಾರಿಸುತ್ತ ಮೊದಲು ದಂಡೆಗೆ, ಆಮೇಲೆ ಓಣಿ ಓಣಿಗೆ ಹೋಗುತ್ತಿದ್ದಳು. ದಂಡೆಗೆ ಮೊದಲು ಹೋಗಲು ಕಾರಣವಿತ್ತು. ಹೊಳೆಯ ನಡುವೆ ಉಸುಕಿನ ಒಂದು ಗಡ್ಡೆ ಇದೆ. ನೀರು ಕಡಿಮೆ ಇರುವ ದಿನಗಳಲ್ಲಿ ಕೆಲವರು ಹರಿಗೋಲಿನಲ್ಲಿ ಅಲ್ಲಿಗೆ ದಾಟಿ ಸೌತೆ, ಕಲ್ಲಂಗಡಿ ಹಾಕುತ್ತಾರೆ. ನೀರೆತ್ತಲು ಮೋಟರು ಇಟ್ಟುಕೊಂಡಿರುತ್ತಾರೆ. ಅವಳ ಗಂಡ ಅವರಲ್ಲಿ ಒಬ್ಬ. ಅಣೆಕಟ್ಟಿನಿಂದ ಆ ಊರಿಗೆ ನೀರು ಬರಲು ಸುಮಾರು ಎರಡು ತಾಸು. ಡಬ್ಬಿ ಕೇಳಿದವರು ಮೋಟರು ಬಿಚ್ಚಿಕೊಂಡು ದಾಟಿ ಬರಲು ಅಷ್ಟು ಹೊತ್ತು ಸಾಕಾಗುತ್ತಿತ್ತು. ಅದಕ್ಕಿಂತ ಕಡಿಮೆಯಾದರೆ ಸಾಕಾಗುತ್ತಿರಲಿಲ್ಲ.

ಅವಳಿಗೆ ಮಾತು ಹೆಚ್ಚು.

"ತಿರುಗಿ ಹೇಳವ್ವಾ."

"ಹೇಳ್ತೀನಿ ತಗೋರಿ ಅಕ್ಕಾ. ಆರು ಗೇಟು, ಮೂರಕ್ಕ ನೀರು. ಪಾಸೋ, ಫೇಲೋ?"

"ಸರಿ."

"ಒಂಬತ್ತ್ ವರ್ಷ ಆತು, ಒಂದ್ ಸಲ 'ಶಾಣ್ಯಾ' ಅನ್ನಲಿಲ್ಲ ನೀವು. ಬರೇ ಸರಿ, ಸರಿ."

ಆ ಮನೆಯ ಫೋನು ಗಂಡನ ಹೆಸರಿನಲ್ಲಿತ್ತು. ಆದರೆ ಅವನು ಹೊಳೆಗೆ ಇಳಿಯುವಾಗ ಅದನ್ನು ಮನೆಯಲ್ಲೇ ಬಿಡುತ್ತಿದ್ದ. ಅವನನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ರಾಯಚೂರಿನ ಮಾರುಕಟ್ಟೆಗೆ ಕಲ್ಲಂಗಡಿ ತಂದವನು ಒಂದು ಹಣ್ಣನ್ನು ನನ್ನ ಮೇಜಿನ ಮೇಲೆ ಇಟ್ಟು, "ನಮ್ಮಾಕಿ ಕೊಟ್ಟು ಬಾ ಅಂದಾಳ್ರಿ" ಎಂದು ಹೇಳಿ ನಿಲ್ಲದೆ ಹೋದ.

ಆಮೇಲೆ ಹೊಸ ವ್ಯವಸ್ಥೆ ಬಂತು. ಬೆಂಗಳೂರಿನಲ್ಲಿ ಇಲಾಖೆಗೆ ಒಂದು ಸಾಫ್ಟ್‌ವೇರ್ ಮಾಡಿಸಿದ್ದರು. ಅಣೆಕಟ್ಟಿನಲ್ಲಿ ಗೇಟಿನ ವಿವರ ತುಂಬಿದರೆ ಸಾಕು, ದಂಡೆಯ ಜನರ ಫೋನುಗಳಿಗೆ ತಾನಾಗಿಯೇ ಸಂದೇಶ ಹೋಗುತ್ತದೆ. ಪರದೆಯ ಮೇಲೆ ಪ್ರತಿ ಹೆಸರಿನ ಮುಂದೆ ಗುರುತು ಬೀಳುತ್ತದೆ: ತಲುಪದಿದ್ದರೆ ಕೆಂಪು, ತಲುಪಿದರೆ ಹಸಿರು, ಓದಿದರೆ ಹಸಿರಿನ ಪಕ್ಕದಲ್ಲಿ ಓದಿದ ಸಮಯ. ಊರಿಗೆ ಒಬ್ಬರ ಬದಲು ಹತ್ತು ಹತ್ತು ಜನರ ಹೆಸರು ಸೇರಿಸಿದರು. ಕೆಲಸ ಒಳ್ಳೆಯದೇ ಎಂದು ನನಗೂ ಅನ್ನಿಸಿತ್ತು. ಹೆಸರು, ನಂಬರು ತುಂಬಿದವಳು ನಾನೇ.

ಮೊದಲ ಸಲ ಪರೀಕ್ಷೆ ಮಾಡಿದಾಗ ಪರದೆಯ ಬಹುಭಾಗ ಕೆಂಪಾಯಿತು. ದಂಡೆಯ ಊರುಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಹಲವರು ನಂಬರು ಬದಲಿಸಿದ್ದರು. ಪಕ್ಕದ ಮೇಜಿನ ಟೈಪಿಸ್ಟ್ ಹಣಿಕಿ ನೋಡಿ, "ಏನ್ರಿ ಮೇಡಂ, ಮೆಣಸಿನಕಾಯಿ ಒಣಗಲಿಕ್ಕ ಹಾಕೀರೇನು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ನೋಟ್‌ಬುಕ್ಕು ತೆಗೆದು, ಹದಿನಾಲ್ಕು ಊರಿಗೂ ಕೈಯಿಂದ ಫೋನು ಹಚ್ಚಿದೆ.

ಹೀಗೆ ಸಾಗುತ್ತಿರುವಾಗ ಶಾಸನಸಭೆಯ ಸಮಿತಿಯೊಂದು ಜಿಲ್ಲೆಗೆ ಬರುತ್ತದೆ ಎಂಬ ಪತ್ರ ಬಂತು. ಸರ್ಕಾರ ಹಾಕಿಸಿದ ಕಂಪ್ಯೂಟರ್ ವ್ಯವಸ್ಥೆಗಳು ಹೇಳಿದ ಕೆಲಸವನ್ನು ನಿಜವಾಗಿ ಮಾಡುತ್ತಿವೆಯೇ ಎಂದು ಆ ಸಮಿತಿ ಊರೂರಿಗೆ ಹೋಗಿ ನೋಡುತ್ತಿತ್ತು. ಪತ್ರದ ಜೊತೆಗೆ ಪ್ರಶ್ನಾವಳಿ ಇತ್ತು. ಅದರಲ್ಲಿ ಒಂದು ಪ್ರಶ್ನೆ: "ಹಳೆಯ ವಿಧಾನವನ್ನು ಸಂಪೂರ್ಣವಾಗಿ ಕೈಬಿಡಲಾಗಿದೆಯೇ?" ನಮ್ಮ ಕಚೇರಿಯ ಸಾಹೇಬರು ಉತ್ತರ ಹೇಳಿ ಬರೆಸಿದರು: "ಹೌದು." ಟೈಪ್ ಮಾಡಿದವಳು ನಾನು. ಟೈಪ್ ಮಾಡುವಾಗ ನನ್ನ ಮೊಣಕೈ ಅದೇ ನೋಟ್‌ಬುಕ್ಕಿನ ಮೇಲಿತ್ತು.

ಸಾಹೇಬರು ಕೆಟ್ಟವರಲ್ಲ. ಇದನ್ನು ಅವರ ರಕ್ಷಣೆಗೆಂದು ಹೇಳುತ್ತಿಲ್ಲ, ಹಾಗಿದ್ದರು, ಅಷ್ಟೇ. ಬರುವ ವರ್ಷ ನಿವೃತ್ತಿ. ಕೆಂಪು ಪರದೆಯನ್ನು ಸಮಿತಿಯ ಮುಂದೆ ತೆರೆಯುವ ಧೈರ್ಯ ಅವರಿಗಿರಲಿಲ್ಲ. ಸಮಿತಿ ಬರುವ ಮುನ್ನಾದಿನ ಮಧ್ಯಾಹ್ನ ನನ್ನನ್ನು ಕರೆದರು.

"ಮೇಡಂ, ನಾಳೆ ಒಂದಿನದ ಮಟ್ಟಿಗೆ ಹೆಸರು ಅವೇ ಇರಲಿ. ನಂಬರ್ ನಮ್ಮ ಸ್ಟಾಫಿಂದು ಹಾಕ್ರಿ. ಹಸಿರಾಗಿ ಕಾಣಲಿ. ನಾಡದು ಬೆಳಿಗ್ಗೆ ಬಂದ ಕೂಡಲೇ ಹಳೇವು ಹಾಕಿಬಿಡ್ರಿ."

"ಒಂದೇ ದಿನ ಅಲ್ರಿ ಸರ್?"

"ಒಂದೇ ದಿನ. ಹೊಳ್ಯಾಗ ನೀರ ಎಲ್ಲಿ ಅದ ಈಗ."

ಅದು ನಿಜವಾಗಿತ್ತು. ಮುಂಗಾರಿನ ಮೊದಲ ದಿನಗಳು, ಹೊಳೆ ತೆಳ್ಳಗೆ ಹರಿಯುತ್ತಿತ್ತು.

ನಮ್ಮ ಕಚೇರಿಯ ಮತ್ತು ಪಕ್ಕದ ಎರಡು ಕಚೇರಿಗಳ ಸಿಬ್ಬಂದಿಯ ನಂಬರುಗಳನ್ನು ಒಂದೊಂದಾಗಿ ಹೆಸರುಗಳ ಮುಂದೆ ತುಂಬಿದೆ. ಒಂದೇ ನಂಬರನ್ನು ನಾಲ್ಕಾರು ಹೆಸರುಗಳ ಮುಂದೆ ಹಾಕಬೇಕಾಯಿತು. ಸಾಫ್ಟ್‌ವೇರ್ ಅದಕ್ಕೆ ಅಡ್ಡಿ ಮಾಡಲಿಲ್ಲ. ನನ್ನ ನಂಬರು ಉಳಿದಿತ್ತು. ಅದನ್ನು ಎಲ್ಲಿ ಹಾಕಲಿ ಎಂದು ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದೆ. ಡಬ್ಬಿ ಬಾರಿಸುವವಳ ಗಂಡನ ಹೆಸರು ಕಂಡಿತು. ಆ ಹೆಸರಿನ ಮುಂದೆ ಬೇರೆ ಯಾರದೋ ನಂಬರು ಹಾಕಲು ಮನಸ್ಸಾಗಲಿಲ್ಲ. ಏನಾದರೂ ಆಗಿ ಸಂದೇಶ ಬಂದರೂ ನನಗೇ ಬರುತ್ತದಲ್ಲ, ಕೂಡಲೇ ಅವಳಿಗೆ ಹೇಳುತ್ತೇನೆ ಎಂದುಕೊಂಡೆ. ಆ ಮನೆಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡಂತೆ ಸಮಾಧಾನವಾಯಿತು. ಆ ಸಮಾಧಾನ ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ.

ಮರುದಿನ ಸಭಾಂಗಣದಲ್ಲಿ ಸಿಬ್ಬಂದಿಯೆಲ್ಲ ಹಿಂದಿನ ಕುರ್ಚಿಗಳಲ್ಲಿ ಕುಳಿತಿದ್ದೆವು. ಫೋನುಗಳ ಸದ್ದು ಬಂದ್ ಮಾಡಿರಬೇಕೆಂದು ಸಾಹೇಬರು ಬಾಗಿಲಲ್ಲೇ ನಿಂತು ಎಲ್ಲರಿಗೂ ಹೇಳಿದ್ದರು. ಸಮಿತಿಯಲ್ಲಿ ಐದಾರು ಜನ. ಅವರಲ್ಲಿ ಮಾತಾಡಿದವರು ಹೆಚ್ಚಾಗಿ ಒಬ್ಬ ಸದಸ್ಯೆ. ವಯಸ್ಸಾದವರು, ಸಣ್ಣ ಆಳು, ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರಂತೆ. ನಮ್ಮ ಜಿಲ್ಲೆಯವರಲ್ಲ, ಆದರೆ ಮಾತು ನಮ್ಮ ಕಡೆಯದೇ.

ಸಾಹೇಬರು ಗುಂಡಿ ಒತ್ತಿಸಿದರು. ಪರದೆಯ ಮೇಲೆ ಹೆಸರುಗಳು ಮೇಲಿನಿಂದ ಕೆಳಕ್ಕೆ ಹಸಿರಾಗುತ್ತ ಬಂದವು. ಅದೇ ಹೊತ್ತಿಗೆ ಸಭಾಂಗಣದಲ್ಲಿ ಒಂದು ಗುಂಯ್ ಶಬ್ದ ಎದ್ದಿತು. ಜೇಬುಗಳಲ್ಲಿ, ಚೀಲಗಳಲ್ಲಿ, ಸೀರೆಯ ಮಡಿಲಲ್ಲಿ ಫೋನುಗಳು ನಡುಗುತ್ತಿದ್ದವು. ಟೈಪಿಸ್ಟ್ ತನ್ನದನ್ನು ಚಹಾದ ಸ್ಟೀಲ್ ತಟ್ಟೆಯ ಮೇಲೆ ಇಟ್ಟಿದ್ದ. ಅದು ತಟ್ಟೆಯ ಮೇಲೆ ಕಟಕಟ ಎಂದು ಅಲ್ಲಾಡಿತು. ಅವನು ಅಂಗೈಯಿಂದ ಅದನ್ನು ಅಮುಕಿ ಹಿಡಿದ.

ಆ ಸದಸ್ಯೆ ಪರದೆಯನ್ನು ಬಿಟ್ಟು ತಿರುಗಿ ನಮ್ಮ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸಾಹೇಬರನ್ನು ಕೇಳಿದರು.

"ಹಸಿರು ಅಂದ್ರ ಏನ್ರಿ?"

"ತಲುಪಿದೆ ಅಂತ ಮೇಡಂ."

"ಯಾರಿಗೆ?"

"ಆ ಹೆಸರಿನವರಿಗೆ ಮೇಡಂ."

"ಅವರು ನಿಮಗ ಏನಾರ ಅಂದ್ರೇನು? ಬಂತು ಅಂತ?"

"ಗುರುತು ಬರ್ತದಲ್ರಿ ಮೇಡಂ. ಅವರು ಅನ್ನೋದು ಬೇಕಾಗೋದಿಲ್ಲ."

ಅವರು ತಲೆ ಆಡಿಸಿ ಏನನ್ನೋ ಬರೆದುಕೊಂಡರು. ಆಮೇಲೆ, ಈ ಪಟ್ಟಿಯನ್ನು ಈಗಲೇ ಮುದ್ರಿಸಿ ಕೊಡಿ ಎಂದರು. ಬೇರೆ ಕಡೆಗಳಲ್ಲಿ ಸಮಿತಿ ಬಂದು ಹೋದ ಮೇಲೆ ಪಟ್ಟಿಗಳು ಬದಲಾದದ್ದನ್ನು ನೋಡಿದ್ದೇವೆ ಎಂದರು. ನಾನು ಮುದ್ರಿಸಿದೆ. ಪ್ರತಿ ಹಾಳೆಯ ಮೇಲೆ ಸಾಹೇಬರು ಸಹಿ ಮಾಡಿದರು. ಪಟ್ಟಿ ತಯಾರಿಸಿದವಳೆಂದು ನಾನೂ ಸಹಿ ಮಾಡಿದೆ. ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದರು. ಅರಗಿನ ವಾಸನೆ ಸಭಾಂಗಣದಲ್ಲೆಲ್ಲ ಹರಡಿತು. ನಡಾವಳಿಯಲ್ಲಿ ಒಂದು ಸಾಲು ಬರೆಸಿದರು: ಸಮಿತಿಯು ಎರಡನೇ ಸಲ ಪರಿಶೀಲಿಸುವವರೆಗೆ ಸದರಿ ಪಟ್ಟಿಯಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ. ಆ ಸಂಜೆಯೇ ಬೆಂಗಳೂರಿನಿಂದ ಪಟ್ಟಿಗೆ ಬೀಗ ಬಿತ್ತು. ನನ್ನ ಪಾಸ್‌ವರ್ಡಿನಿಂದ ಅದು ತೆರೆಯುತ್ತಿತ್ತು, ಬದಲಾಗುತ್ತಿರಲಿಲ್ಲ.

ಸುಳ್ಳನ್ನು ಹಿಡಿಯಲೆಂದು ಅವರು ಬೀಗ ಹಾಕಿಸಿದರು. ಬೀಗದ ಒಳಗೆ ಉಳಿದದ್ದು ಸುಳ್ಳು ಪಟ್ಟಿ. ಇದು ನನಗೂ ಸಾಹೇಬರಿಗೂ ಮಾತ್ರ ಗೊತ್ತಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಫೋನು ನಡುಗಿದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಮರುದಿನ ಸಾಹೇಬರ ಕೋಣೆಗೆ ಹೋದೆ.

"ಸರ್, ಬೀಗ ತೆಗೀರಿ ಅಂತ ಬರೀಬೇಕು."

"ಏನಂತ ಬರೀಲಿ? ಕಾರಣ ಕೇಳ್ತಾರ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನಿಮಗಂತೂ ಸಂದೇಶ ಬರ್ತದ. ಬಂದ ಕೂಡಲೇ ಮೊದಲಿನಂಗ ಕೈಲಿಂದ ಹಚ್ಚಿಬಿಡ್ರಿ. ಕಚೇರಿ ಫೋನಿಂದ ಬ್ಯಾಡ, ಅದರ ದಾಖಲೆ ಇರ್ತದ. ನಿಮ್ಮದರಿಂದ ಹಚ್ಚರಿ. ಸಮಿತಿ ಇನ್ನೊಂದ್ ಸಲ ಬಂದು ಹೋಗತನಕ, ಅಷ್ಟ."

ಹೊಸ ವ್ಯವಸ್ಥೆ ಬಂದ ಮೇಲೆ ಅಣೆಕಟ್ಟಿನವರು ಕಚೇರಿಗೆ ಫೋನು ಮಾಡುವುದನ್ನು ನಿಲ್ಲಿಸಿದ್ದರು. ಅಂದಿನಿಂದ ಹದಿನಾಲ್ಕು ಊರುಗಳು ನನ್ನ ಒಂದು ಫೋನಿಗೆ ತೂಗುಬಿದ್ದವು. ಸ್ನಾನಕ್ಕೆ ಹೋಗುವಾಗ ಅದನ್ನು ಬಾಗಿಲ ಹೊರಗೆ ಕುರ್ಚಿಯ ಮೇಲೆ ಇಡುತ್ತಿದ್ದೆ. ಬಸ್ಸಿನಲ್ಲಿ ಕೈಯಲ್ಲೇ ಹಿಡಿದಿರುತ್ತಿದ್ದೆ. ಎರಡು ಸಲ ನೀರು ಬಿಟ್ಟರು. ಎರಡೂ ಸಲ ಕಚೇರಿಯಿಂದ ಎದ್ದು ಬಸ್ ನಿಲ್ದಾಣದ ಹಿಂದಿನ ಗೋಡೆಯ ನೆರಳಿಗೆ ಹೋಗಿ ಹದಿನಾಲ್ಕು ಊರಿಗೂ ಹೇಳಿ, ಹೇಳಿಸಿಕೊಂಡೆ. ಎರಡನೇ ಸಲ ಅವಳು ಕೇಳಿದಳು.

"ಅಕ್ಕಾ, ಹೊಸಾದು ಏನೋ ಬಂದದಂತಲ್ರಿ. ಫೋನಿನಾಗ ತಾನ ಬರ್ತದಂತ. ಮತ್ತ ನೀವ್ಯಾಕ ಹಚ್ಚತೀರಿ?"

"ನಾ ಹಚ್ಚದಿದ್ರ ನಿನಗ ಹೊತ್ತು ಹೋಗಬೇಕಲ್ಲ."

"ಅದೂ ಖರೇ ಬಿಡ್ರಿ," ಎಂದು ನಕ್ಕಳು. ನಾನು ಆಗ ಹೇಳಬಹುದಿತ್ತು. ಸಂದೇಶ ನಿನಗೆ ಬರುವುದಿಲ್ಲವ್ವಾ, ಅದನ್ನು ನಂಬಿ ಕೂರಬೇಡ ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ.

ಮೂರನೇ ಸಲದ ದಿನ ನಾನು ಮಾನ್ವಿಯಲ್ಲಿದ್ದೆ. ತಂಗಿಯ ಮಗಳು ಬಸುರಿ, ಅವಳಿಗೆ ಕುಪ್ಪಸದ ಕಾರ್ಯ. ಡಬ್ಬಿ ಬಾರಿಸುವವಳಿಗೂ ಹಿಂದಿನ ಕರೆಯಲ್ಲಿ ಅದನ್ನು ಹೇಳಿದ್ದೆ. ಬಾಗಲವಾಡದಿಂದ ಬೀಗರು ಬಂದಿದ್ದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹಂದರದ ಕೆಳಗೆ ಹೆಂಗಸರು ಸೆಕೆಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಮ್ಮ ಕೃಷ್ಣೆಗೆ ಬರುವ ನೀರು ನಮ್ಮ ಮಳೆಯದಲ್ಲ. ಎಲ್ಲೋ ದೂರದ ಘಟ್ಟದಲ್ಲಿ ಸುರಿದದ್ದು, ಇಲ್ಲಿ ಒಣ ಬಿಸಿಲಿದ್ದಾಗಲೂ ಬರುತ್ತದೆ. ಇದು ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿರಬೇಕಾಗಿತ್ತು.

ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು. ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಸದ್ದು ಏರಿಸಿ ಹೊರಗೆ ಬಂದೆ. ಆಮೇಲೆ ಯಾರೋ ಉಡಿ ತುಂಬುವ ಸೀರೆಗಳನ್ನೂ ಕುಪ್ಪಸಗಳನ್ನೂ ತಂದು ಅದರ ಮೇಲೆ ಇಟ್ಟರು. ನಾನು ನಡುವೆ ಎರಡು ಸಲ ಎದ್ದು ನೋಡಬೇಕೆಂದುಕೊಂಡೆ. ಮೊದಲ ಸಲ ಆರತಿಗೆ ಕರೆದರು. ಎರಡನೇ ಸಲ ಊಟಕ್ಕೆ ಬಡಿಸುವವರು ಕಡಿಮೆ ಇದ್ದರು.

ಸಂದೇಶ ಬಂದದ್ದು ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ. ನಾನು ಅದನ್ನು ತೆರೆದದ್ದು ಎರಡು ಗಂಟೆ ಏಳು ನಿಮಿಷಕ್ಕೆ. "ಮಾನ್ಯ ನದಿತೀರದ ನಿವಾಸಿಗಳೇ" ಎಂದು ಶುರುವಾಗಿತ್ತು.

ಅವಳಿಗೇ ಮೊದಲು ಹಚ್ಚಿದೆ. ಎರಡನೇ ರಿಂಗಿಗೆ ಎತ್ತಿದಳು.

"ಏನಕ್ಕಾ, ಕಾರ್ಯ ಮುಗೀತೇನ್ರಿ?"

"ಹನ್ನೆರಡು ಗೇಟು. ನೀರು ಬಂದಿರಬೇಕು. ಅವನೆಲ್ಲಿ?"

"ಹನ್ನೆರಡು ಗೇಟು," ಎಂದಳು, ರೂಢಿಯಂತೆ. ಅಷ್ಟಕ್ಕೇ ನಿಂತಳು. ಫೋನು ಕೆಳಗೆ ಬಿದ್ದ ಸದ್ದು, ಆಮೇಲೆ ಡಬ್ಬಿಯ ಸದ್ದು ಕೇಳಿತು. ಅದು ದೂರ ದೂರ ಹೋಯಿತು. ನಾನು ಆ ಕರೆಯನ್ನು ಕತ್ತರಿಸಿ ಉಳಿದ ಹದಿಮೂರು ಊರುಗಳಿಗೆ ಹಚ್ಚಿದೆ. ಅಲ್ಲೆಲ್ಲ ಜನ ದಂಡೆಯ ಮೇಲೇ ಇದ್ದರು. ನೀರನ್ನು ಕಂಡು ತಾವೇ ಮೇಲೆ ಬಂದಿದ್ದರು. ಗಡ್ಡೆ ಇದ್ದದ್ದು ಒಂದೇ ಊರಿಗೆ. ಅಂದು ಗಡ್ಡೆಯಲ್ಲಿದ್ದವನು ಒಬ್ಬನೇ.

ರಾಯಚೂರಿನಲ್ಲಿ ಮೂವತ್ತು ಜನರ ಫೋನಿಗೆ ಅದೇ ಸಂದೇಶ ಅದೇ ನಿಮಿಷ ಬಂದಿತ್ತು. ಟೈಪಿಸ್ಟ್ ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನು ತಮಾಷೆ ಮಾಡದ ದಿನವನ್ನು ನಾನು ನೋಡಿದ್ದು ಅದೊಂದೇ. "ನೀವು ಹಚ್ಚಿರ್ತೀರಿ ಅನಕೊಂಡೆವ್ರಿ ಮೇಡಂ," ಎಂದ.

ಮೂರನೇ ದಿನ ಶಕ್ತಿನಗರದ ಚಿಮಣಿಗಳು ಕಾಣುವ ದಂಡೆಯಲ್ಲಿ ಅವಳ ಗಂಡನ ಹೆಣ ಸಿಕ್ಕಿತು.

ಅದಾದ ವಾರದೊಳಗೆ ಬೆಂಗಳೂರಿನಿಂದ ವರದಿ ಕೇಳಿದರು. ಸಾಹೇಬರು ವ್ಯವಸ್ಥೆಯಲ್ಲಿನ ದಾಖಲೆಯನ್ನು ತೆರೆಸಿದರು. ಅವನ ಹೆಸರಿನ ಮುಂದೆ ಹಸಿರು ಗುರುತಿತ್ತು. ತಲುಪಿದ ಸಮಯ ೧೧:೪೨. ಓದಿದ ಸಮಯ ೨:೦೭. ಸಾಹೇಬರು ನಿಂತಲ್ಲಿಂದಲೇ ಹೇಳುತ್ತ ಹೋದರು. ನಾನು ಟೈಪ್ ಮಾಡುತ್ತ ಹೋದೆ. "ಸದರಿ ವ್ಯಕ್ತಿಗೆ ಮುನ್ನೆಚ್ಚರಿಕೆ ಸಂದೇಶವು ಸಕಾಲದಲ್ಲಿ ತಲುಪಿದ್ದು, ಸದರಿ ವ್ಯಕ್ತಿಯು ಅದನ್ನು ಓದಿರುವುದು ದಾಖಲೆಯಿಂದ ಕಂಡುಬರುತ್ತದೆ. ಆದಾಗ್ಯೂ ನದಿಪಾತ್ರದಿಂದ ಹೊರಬಂದಿರುವುದಿಲ್ಲ."

ಓದಿದವಳು ನಾನು. ನಾನು ಓದಿದ ಹೊತ್ತಿಗೆ ಗಡ್ಡೆಯ ಮೇಲೆ ಓದಲು ಯಾರೂ ಇರಲಿಲ್ಲ. ಬೆರಳುಗಳು ನಿಂತವು.

"ಸರ್, ಇದು ಅವನ ನಂಬರಲ್ಲ."

ಸಾಹೇಬರು ಕಿಟಕಿಯ ಕಡೆ ತಿರುಗಿ, "ಗೊತ್ತದ ಮೇಡಂ. ಬರೀರಿ," ಎಂದರು. ಧ್ವನಿ ಜೋರಾಗಿರಲಿಲ್ಲ, ಬೇಡಿಕೊಂಡಂತಿತ್ತು. ಬರೆದೆ.

ಒಂದು ಭಾನುವಾರ ಜಾಲಹಳ್ಳಿಯ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅವಳು ಕಟ್ಟೆಯ ಮೇಲೆ ಚಾಪೆ ಹಾಸಿ, ಚಹಾ ಕೊಟ್ಟು, ಎದುರಿಗೆ ಕುಳಿತಳು. ಡಬ್ಬಿ ಗೋಡೆಯ ಮೂಲೆಯಲ್ಲಿತ್ತು.

"ಅಕ್ಕಾ, ಕಾಗದದಾಗ ಅವನಿಗೆ ಸುದ್ದಿ ಬಂದಿತ್ತು, ಓದ್ಯಾನ ಅಂತ ಬರದಾರಂತ. ಊರಾಗ ಎಲ್ಲಾರೂ ಅದನ್ನ ಅಂತಾರ. ಗೊತ್ತಿದ್ದು ಕೂತಾನ, ಮೋಟರಿನ ಆಶಾಕ್ಕ ಅಂತ."

ನಾನು ಮೂಲೆಯ ಡಬ್ಬಿಯ ಕಡೆ ನೋಡಿದೆ.

"ಫೋನ್ ಮನ್ಯಾಗ ಇತ್ರಿ. ಅವನ ಕೈಯಾಗ ಎಲ್ಲಿತ್ತು. ನಾ ಆವತ್ತು ಜ್ವಾಳ ಹಸನ ಮಾಡಾಕತ್ತಿದ್ದೆ. ಮೊರದ ಸಪ್ಪಳಕ್ಕ ನನಗ ಕೇಳಿಲ್ಲೇನೋ. ಹಂಗಾದ್ರ ಓದಿದಾವ್ರು ಯಾರ್ರಿ? ನಾ ಏನರ ಕೈ ತಾಗಿಸಿ ತೆಗದಿದ್ನೇನೋ. ದಿನಾ ಅದನ್ನ ನೆನಸಾಕತ್ತೀನಿ. ನೆನಪಿಗಿ ಬರವಲ್ದು."

ಅವಳು ಫೋನನ್ನು ತಂದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಎಲ್ಲಾದರೂ ಆ ಸಂದೇಶ ಇದೆಯೇ ನೋಡಿ ಹೇಳಿ ಎಂದಳು. ಅವಳಿಗೆ ಓದು ಬರುವುದಿಲ್ಲ. ಇಲ್ಲವೆಂದು ಗೊತ್ತಿದ್ದೂ ನಾನು ಒಂದೊಂದಾಗಿ ಸರಿಸುತ್ತ ನೋಡಿದೆ. "ಇಲ್ಲವ್ವಾ," ಎಂದೆ. "ಹಂಗಾದ್ರ ನಾನ ಅಳಿಸೀನಿ," ಎಂದಳು. ನಾನು ಚಹಾ ಕುಡಿದು ಎದ್ದೆ. ಬಸ್ಸಿನವರೆಗಿನ ದಾರಿಯಲ್ಲಿ ಎರಡು ಸಲ ನಿಂತೆ, ತಿರುಗಿ ಹೋಗಲಿಲ್ಲ.

ಸಮಿತಿ ಎರಡನೇ ಸಲ ಬಂದದ್ದು ದೇವದುರ್ಗಕ್ಕೆ. ಈ ಸಲ ದಂಡೆಯ ಊರವರನ್ನೂ ಕರೆಸಿದ್ದರು. ಅವಳು ಕೊನೆಯ ಸಾಲಿನಲ್ಲಿ ಊರಿನವರ ನಡುವೆ ಕುಳಿತಿದ್ದಳು. ಬೆಳಿಗ್ಗೆ ರಾಯಚೂರಿನಿಂದ ಜೀಪಿನಲ್ಲಿ ಬರುವಾಗ ಸಾಹೇಬರು ಯಾರ ಜೊತೆಗೂ ಮಾತಾಡಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಮಾತ್ರ, ಹಿಂದಿನ ಸಲದಂತೆಯೇ, "ಫೋನ್ ಬಂದ್ ಮಾಡ್ರಿ ಎಲ್ಲಾರೂ" ಎಂದರು.

"ಮಾಡೀನ್ರಿ ಸರ್," ಎಂದೆ. ಮಾಡಿರಲಿಲ್ಲ. ಜೀಪಿನಲ್ಲಿ ಕುಳಿತಾಗಲೇ ಸದ್ದನ್ನು ಪೂರ್ತಿ ಏರಿಸಿದ್ದೆ. ಎದ್ದು ನಿಂತು ಹೇಳುವ ಶಕ್ತಿ ನನಗಿಲ್ಲ ಎಂಬುದು ಆ ಊರಿನಿಂದ ತಿರುಗಿ ಬಂದ ದಿನವೇ ಗೊತ್ತಾಗಿತ್ತು. ಇಷ್ಟು ಮಾತ್ರ ನನ್ನಿಂದಾಯಿತು.

ಆ ಸದಸ್ಯೆ ಲಕೋಟೆಯನ್ನು ಎತ್ತಿ, ಮೊಹರು ಮುರಿದಿಲ್ಲವೆಂದು ಎಲ್ಲರಿಗೂ ತೋರಿಸಿ, ಒಡೆದರು. ಅರಗಿನ ಚೂರುಗಳು ಮೇಜಿನ ಮೇಲೆ ಬಿದ್ದವು. ನಮ್ಮ ವರದಿಯನ್ನು ಒಂದು ಕೈಯಲ್ಲಿ, ಪಟ್ಟಿಯ ಹಾಳೆಯನ್ನು ಇನ್ನೊಂದರಲ್ಲಿ ಹಿಡಿದು ಬಹಳ ಹೊತ್ತು ಓದಿದರು. ಆಮೇಲೆ ಅವಳನ್ನು ಮುಂದೆ ಕರೆದರು.

"ಯವ್ವಾ, ನಿನ್ನ ಗಂಡನ ಫೋನ್ ನಂಬರ್ ಗೊತ್ತದೇನು?"

"ಬಾಯಿಲೆ ಬರೂದಿಲ್ರಿ ಅಮ್ಮಾವ್ರ. ಕಡೀಕ ಎರಡು ಸೊನ್ನಿ ಬರ್ತಾವ. ಅಷ್ಟ ಗೊತ್ತು."

ಸದಸ್ಯೆ ಹಾಳೆಯನ್ನು ನೋಡಿದರು. ಕನ್ನಡಕವನ್ನು ಸರಿಮಾಡಿಕೊಂಡು ಮತ್ತೆ ನೋಡಿದರು. "ಇದರಾಗ ಸೊನ್ನಿನ ಇಲ್ಲಲ್ಲ," ಎಂದರು. ತಮ್ಮ ಕೈಚೀಲದಿಂದ ಫೋನು ತೆಗೆದು, ಹಾಳೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ಒತ್ತಿದರು. ಶಾಲೆಯ ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವವರಂತೆ ನಿಧಾನವಾಗಿ ಒತ್ತಿದರು. ನನ್ನ ನಂಬರಿನ ಪ್ರತಿ ಅಂಕಿಯನ್ನೂ ನಾನು ಅವರ ಬೆರಳಿನಲ್ಲಿ ಓದಿದೆ.

ನನ್ನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಆ ಕೋಣೆಯಲ್ಲಿ ಅಷ್ಟು ಜೋರು ಸದ್ದು ಇನ್ನೊಂದಿರಲಿಲ್ಲ. ಸಾಹೇಬರು ನನ್ನ ಕಡೆ ನೋಡಲಿಲ್ಲ. ತಮ್ಮ ಕೈಗಳನ್ನು ನೋಡಿಕೊಂಡರು. ನಾನು ಫೋನು ತೆಗೆದು, ಎದ್ದು ನಿಂತು, ಕಿವಿಗೆ ಹಿಡಿದೆ.

"ಹಲೋ," ಎಂದೆ. ನನ್ನ ಮಾತು ಅವರ ಫೋನಿನಿಂದಲೂ ಕೇಳಿಸಿತು.

"ಯಾರು ಮಾತಾಡೋದು?"

"ಪಟ್ಟಿ ಮಾಡಿದಾಕಿರಿ."

ಸದಸ್ಯೆ ಫೋನನ್ನು ಕೆಳಗಿಟ್ಟರು. ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ಸಮಿತಿಯ ವರದಿಗಾರನ ಕೈ ಮಾತ್ರ ಅಲ್ಲಾಡುತ್ತಿತ್ತು. ಅವಳು ನಿಂತಲ್ಲೇ ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸುದ್ದಿಯನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು ಎನ್ನುವವರ ಮುಖ ಅದು.

"ಅಕ್ಕಾ, ನಿಮಗ ಬಂದಿತ್ತೇನ್ರಿ?"

"ನನಗ ಬಂದಿತ್ತವ್ವಾ. ನಿನ್ನ ಫೋನಿಗೆ ಬಂದಿರಲಿಲ್ಲ. ನೀ ಏನೂ ಅಳಿಸಿಲ್ಲ. ಹನ್ನೊಂದು ನಲವತ್ತೆರಡಕ್ಕ ಬಂದಿತ್ತು. ನಾ ಎರಡು ಏಳಕ್ಕ ನೋಡಿದೆ."

ಅವಳು ಫೋನಿನಲ್ಲಿ ಹೇಳುತ್ತಿದ್ದ ಹಾಗೆಯೇ, ಒಂದೊಂದೇ ಮಾತನ್ನು ಬಿಡಿಸಿ ತಿರುಗಿ ಹೇಳಿದಳು.

"ಹನ್ನೊಂದು ನಲವತ್ತೆರಡಕ್ಕ ನಿಮಗ ಬಂದಿತ್ತು. ನನ್ನ ಫೋನಿಗೆ ಬಂದಿರಲಿಲ್ಲ. ನಾ ಏನೂ ಅಳಿಸಿಲ್ಲ. ಎರಡು ಏಳಕ್ಕ ನೀವು ನೋಡಿದ್ರಿ."

ಹೇಳಿ ನಿಂತಳು. ನಾನು ಹೇಳಬೇಕಾದದ್ದಕ್ಕೆ ಕಾಯುತ್ತಿದ್ದಳು.

"ಸರಿ," ಎಂದೆ.

ವರದಿಗಾರ ಅದನ್ನೂ ಬರೆದುಕೊಂಡ.